ಬಿಸಾಡದ ಪೊಟ್ಟಣ

ಸೂಚಿಪರ್ಣಿ ಮರಗಳ ವಂಶ ಹುಡುಕುವ ನಿಶಿವಾಕಿ ಗೆಳತಿ ಸುಮಿಯೆಯ ಮನೆಗೆ ಬಂದರೆ ಮೊದಲು ಕಸದ ಬುಟ್ಟಿ ನೋಡುತ್ತಿದ್ದ. ತಿನ್ನುವ ಕಡಲಕಳೆಯ ಡಬ್ಬಿಯೊಳಗೆ ಬರುವ, ತೇವ ಹೀರುವ ಪೊಟ್ಟಣಗಳು ಅವನಿಗೆ ಬೇಕು, ಬೆಟ್ಟದಿಂದ ತಂದ ಎಲೆ ಒಣಗಿಸಲು. ಅಂಥದೇ ಪೊಟ್ಟಣಕ್ಕಾಗಿ ನೆಂಟರ ಹೊಸ ಬೂಟಿನೊಳಗೂ ಕೈ ಹಾಕುತ್ತಿದ್ದ. ಎಲೆಯ ಹಸಿರು ಕಣದಲ್ಲಿರುವ ವಂಶವಾಹಿ ಈ ಮರಗಳಿಗೆ ತಂದೆಯ ಕಡೆಯಿಂದ ಬರುತ್ತದೆ. ಅದನ್ನು ಓದಿದರೆ ಹಿಮಯುಗದಲ್ಲಿ ಅವುಗಳ ಪೂರ್ವಿಕರು ಯಾವ ದ್ವೀಪದಲ್ಲಿ ಉಳಿದಿದ್ದರೆಂದು ತಿಳಿಯುತ್ತದೆ. ಹಾಗಾಗಿ ಗುಡಿಯ ಮುಂದಿನ ಮರಕ್ಕೂ ಬಗ್ಗಿ ವಂದಿಸಿ, "ಯಾರ ಮಗನಪ್ಪಾ ನೀನು?" ಎಂದು ಕೇಳಿಯೇ ಎಲೆ ಕೀಳುತ್ತಿದ್ದ. "ನನ್ನೂರು ಯಾವ್ದು ಅಂತ ಒಂದಿನಾನಾದ್ರೂ ಕೇಳಿದ್ಯೇನೋ?" ಎಂದು ಸುಮಿಯೆ ಕುಟುಕಿದರೆ, "ನಿನ್ನಲ್ಲಿ ಹಸಿರಿಲ್ವಲ್ಲೇ," ಎನ್ನುತ್ತಿದ್ದ. ಮೊನ್ನೆ ಅವನ ಅಸ್ಥಿಯ ಕುಡಿಕೆಯ ಮುಂದೆ ಎಲ್ಲರೂ ಊದುಬತ್ತಿ ಹಚ್ಚಿದರು. ಕುಡಿಕೆಗೆ ಸುತ್ತಿದ್ದ ಬಿಳಿ ಬಟ್ಟೆಯ ಮಡಿಕೆಯಲ್ಲಿ ಸುಮಿಯೆ ಒಂದು ಪೊಟ್ಟಣ ಸಿಕ್ಕಿಸಿ, "ಬಿಸಾಡಿಲ್ಲ ಕಣೋ, ತಗೋ," ಎಂದಳು.