ತಾಟು ತೊಳೆದ ನೀರು

ನಮ್ಮ ಮನ್ಯಾಗ ಉಂಡ ಮ್ಯಾಲೆ ತಾಟಿಗೆ ನೀರು ಹಾಕಿ, ಬೆರಳಿಂದ ಸುತ್ತ ತೊಳದು, ಆ ನೀರು ಕುಡೀತೀವಿ. ಅನ್ನ ಅಂದ್ರ ಪ್ರಸಾದ, ಒಂದು ಅಗಳೂ ಕೆಡಿಸಬಾರದು. ಕಂಪ್ಲಿಯಾಗ ನಮ್ಮ ಓಣಿ ಪೂರಾ ಹಂಗ. ಜಗತ್ತೆಲ್ಲಾ ಹಂಗ ಅಂತ ತಿಳಕೊಂಡಿದ್ದ ದಡ್ಡ ನಾನು.

ಇಂಟರ್ ಓದಾಕ ಅನಂತಪುರಕ್ಕ ಹೊಂಟಾಗ ಅಪ್ಪ ಒಂದೇ ಮಾತು ಹೇಳಿದ. "ಆಚಾರ ಬಿಟ್ಟಿ ಅಂತ ಗೊತ್ತಾದ ದಿನ ಓದು ಬಂದ್. ಅಂಗಡ್ಯಾಗ ಕುಂದ್ರಬೇಕು." ಆಡಿದ್ದು ಮಾಡೋ ಮನುಷ್ಯ. ನಮ್ಮಣ್ಣನ್ನ ಹಂಗ ಸಾಲಿ ಬಿಡಿಸಿ ಅಕ್ಕಿ ಅಂಗಡ್ಯಾಗ ಕುಂದ್ರಿಸಿದ್ದ. ಅವ್ವ ನಡುವ ಬಂದು, "ನನ್ನ ಮಗ ಬಿಡಂಗಿಲ್ರಿ, ಅದಕ್ಕ ನಾ ಅದೀನಿ" ಅಂದ್ಳು.

ಹಾಸ್ಟೆಲ್‌ನ್ಯಾಗ ಮೊದಲನೇ ದಿನ ತಾಟು ತೊಳದು ಎತ್ತಿ ಕುಡಿದೆ. ಎದುರು ಕುಂತಾಂವ ತೆಲುಗಿನ್ಯಾಗ, "ಎಂಜಲ ನೀರು ಕುಡೀತಾನ ನೋಡ್ರೋ" ಅಂದ. ಇಡೀ ಸಾಲು ನಕ್ಕಿತು. ಮರುದಿನ ಅಂವನೇ ಮುಸುರಿ ಬಕೀಟು ತಂದು ನನ್ನ ಮುಂದಿಟ್ಟು, "ಇದನ್ನೂ ಮುಗಿಸಿಬಿಡು" ಅಂದ. ಸಿಟ್ಟು ನೆತ್ತಿಗೇರಿತು. ಕೈ ಮಾತ್ರ ಏಳಲಿಲ್ಲ. ನಾಕು ದಿನ ಎಲ್ಲಾರೂ ಉಂಡು ಎದ್ದ ಮ್ಯಾಲೆ ಹೋಗಿ, ಆರಿದ ಅನ್ನ ಉಂಡೆ.

ಐದನೇ ದಿನ ಅವರ ಜೋಡಿ ಕುಂತು, ತಾಟು ಹಂಗ ಎತ್ತಿಕೊಂಡು ಹೋಗಿ ನಳದ ಕೆಳಗ ಹಿಡಿದೆ. ಯಾರೂ ನಗಲಿಲ್ಲ. ಬಕೀಟಿನಾಂವ ಹೆಗಲ ಮ್ಯಾಲೆ ಕೈ ಹಾಕಿ ಕ್ಲಾಸಿನ ತನಕ ಬಂದ. ನಾಚಿಕಿ ಆಗಬೇಕಿತ್ತು, ಖುಷಿ ಆತು.

ದಸರಾ ರಜಾಕ್ಕ ಹೊಸಪೇಟಿಯಾಗ ರೈಲು ಇಳಿದು, ಕಂಪ್ಲಿ ಮುಟ್ಟೋ ತನಕ ಚಕ್ಕಡ್ಯಾಗ ಅದನ್ನೇ ಜಪಿಸಿದೆ. ಮರೀಬ್ಯಾಡ, ತೊಳದು ಕುಡಿ.

ಅಪ್ಪನ ಮಗ್ಗಲಿಗೆ ಉಣ್ಣಾಕ ಕುಂತೆ. ಏನೇನು ಓದಿಸ್ತಾರ ಅಂತ ಕೇಳಿದ. ನನಗ ಹುರುಪು ಬಂತು. ಇಂಗ್ಲಿಷ್ ಪಾಠ, ಲೆಕ್ಕದ ಪಾಠ, ಎಲ್ಲಾ ಹೇಳಿಕೋತ ಉಂಡು ಎದ್ದುಬಿಟ್ಟೆ. ಎರಡು ಹೆಜ್ಜಿ ಇಟ್ಟ ಮ್ಯಾಲೆ ತಾಟು ತೊಳದು ಕುಡಿದಿಲ್ಲ ಅಂತ ನೆನಪಾತು. ಅಪ್ಪ ತಲಿ ಬಗ್ಗಿಸಿ ಮಜ್ಜಿಗಿ ಅನ್ನ ಕಲಸಾಕತ್ತಿದ್ದ. ತಲಿ ಎತ್ತಿದ್ರ ನನ್ನ ಓದು ಅಲ್ಲಿಗೆ ಮುಗೀತು.

ಬಡಿಸಾಕ ನಿಂತಿದ್ದ ಅವ್ವ ತಾಟು ನೋಡಿದ್ಳು, ನನ್ನ ನೋಡಿದ್ಳು. ಚಂಬಿನ ನೀರು ತಾಟಿಗೆ ಹಾಕಿ, ಬೆರಳಾಡಿಸಿ, ಎತ್ತಿ ತಾನೇ ಕುಡಿದು ಕೆಳಗಿಟ್ಳು.

ಅಪ್ಪ ತಲಿ ಎತ್ತಿದ. "ನೀರು ಕುಡದನೇನು?"

"ಹೂನ್ರಿ, ಕುಡದ" ಅಂದ್ಳು ಅವ್ವ. ಆಕಿ ಅಪ್ಪಗ ಸುಳ್ಳು ಹೇಳಿದ್ದು ನಾ ಕೇಳಿದ್ದು ಅದೊಂದೇ ಸಲ. ಆಮ್ಯಾಲೆ ನನ್ನ ಬೈದಿದ್ರ ಚಲೋ ಇತ್ತು.

ರಜಾ ಮುಗಿಸಿ ಹಾಸ್ಟೆಲಿಗೆ ಹೋದ ದಿನ ಸಾಲಿನ ನಟ್ಟನಡುವ ಕುಂತು ಉಂಡೆ. ತಾಟಿಗೆ ನೀರು ಹಾಕಿದೆ. ಬಕೀಟಿನಾಂವ ಎದುರಿಗೇ ಇದ್ದ. ಅಂವನ್ನ ನೋಡಿಕೋತ ಕುಡಿದೆ.