ಅಂಕಲ್ ಹಿಂದಿನ ಸೀಟಿಗೆ ಹೋದ ದಿನ

ಸೋಫಾದ ಮೇಲೆ ಕೂತು ಚಹಾ ಕುಡಿಯುವಾಗಲೂ ಅವರ ಬಲಗಾಲು ಆಗಾಗ ನೆಲವನ್ನು ಒತ್ತುತ್ತಿತ್ತು. ಟಿವಿಯಲ್ಲಿ ಯಾರಾದರೂ ಜೋರಾಗಿ ಕಾರು ಓಡಿಸಿದರಂತೂ ನಮ್ಮ ಕಾರ್ಪೆಟ್‌ಗೆ ಉಳಿಗಾಲವಿರಲಿಲ್ಲ. ಅಮೆರಿಕದ ಲಿಸ್ಲ್ ಎಂಬ ನಮ್ಮೂರಿನ ಸುತ್ತಮುತ್ತಲಿನ ಕನ್ನಡದವರಿಗೆ ಡ್ರೈವಿಂಗ್ ಕಲಿಸುತ್ತಿದ್ದವರು ಅವರು. ಹುಬ್ಬಳ್ಳಿಯ ಮುಸ್ಲಿಂ ಮನೆತನದವರು, ನಮಗೆಲ್ಲ ಬರೀ ಅಂಕಲ್. ಅವರ ಹಳೆಯ ಬಿಳಿ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ನಾವು ತಪ್ಪಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ಅದನ್ನು ಒತ್ತುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಇನ್ನು ಕಲಿಸುವುದು ಸಾಕು ಅನ್ನಿಸಿದ ದಿನ ಕಾರು ನಿಲ್ಲಿಸಿ, ಇಳಿದು, ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು. ಅಲ್ಲಿ ಬ್ರೇಕ್ ಇರಲಿಲ್ಲ. “ನಡಿಯವಾ, ಮನೀಗೆ ಬಿಡು ನನ್ನ,” ಅನ್ನುತ್ತಿದ್ದರು. ಸರ್ಟಿಫಿಕೇಟು, ಆಶೀರ್ವಾದ ಎಲ್ಲ ಅದೇ. ನಮ್ಮ ಅಮ್ಮನಿಗೆ ಆ ಭಾಗ್ಯ ಎರಡು ಬೇಸಿಗೆ ಕಳೆದರೂ ಬರಲಿಲ್ಲ. ನನಗೆ ಬೇಗ ಬಂತು. ಅದೇ ಗುಂಗಿನಲ್ಲಿ, ಕಾಲೇಜು ಬಿಟ್ಟು ಸೈನ್ಯಕ್ಕೆ ಸೇರಿದಾಗ ಟ್ರಕ್ ಡ್ರೈವರ್ ಕೆಲಸವನ್ನೇ ಕೇಳಿ ತೆಗೆದುಕೊಂಡೆ. ಅಪ್ಪ ಮಾತು ಬಿಟ್ಟರು. ಅಂಕಲ್ ಮಾತ್ರ ಸಿಕ್ಕವರಿಗೆಲ್ಲ, “ನಮ್ಮ ಹುಡುಗಿ ಟ್ಯಾಂಕ್ ಓಡಸ್ತಾಳ,” ಎಂದು ಹೇಳಿಕೊಂಡು ಬಂದರು.

“ಟ್ಯಾಂಕ್ ಅಲ್ಲ ಅಂಕಲ್, ಟ್ರಕ್,” ಅಂದರೆ, “ದೊಡ್ಡ ಗಾಡಿ ಹೌದಲ್ಲೋ? ಸುಮ್ನಿರು,” ಅನ್ನುತ್ತಿದ್ದರು.

ಸೈನ್ಯದ ಜೊತೆಗಿನ ನನ್ನ ಮೊದಲ ಕರಾರು ಮುಗಿಯುತ್ತ ಬಂತು. ಮುಂದುವರಿಯಬೇಕಾದರೆ ಮತ್ತೆ ಸಹಿ ಹಾಕಬೇಕು, ಹಾಕುವಾಗ ಬೇರೆ ಕೆಲಸಕ್ಕೆ ಬದಲಾಗುವ ಅವಕಾಶವೂ ಇತ್ತು. ಅಷ್ಟರಲ್ಲಿ ತರಬೇತಿಯ ರಸ್ತೆಯೊಂದರಲ್ಲಿ ನನ್ನ ಮುಂದಿದ್ದ ಟ್ರಕ್ ಮಗುಚಿ, ಒಳಗಿದ್ದವನಿಗೆ ಪೆಟ್ಟಾಯಿತು. ಮೆಡಿಕ್, ಅಂದರೆ ಪಡೆಯ ಜೊತೆಗೇ ಇದ್ದು ಗಾಯಾಳುಗಳನ್ನು ನೋಡಿಕೊಳ್ಳುವ ಹುಡುಗಿ, ನನ್ನ ಕೈಗೆ ಸಲೈನ್ ಚೀಲ ಕೊಟ್ಟು ಎತ್ತಿ ಹಿಡಿ ಅಂದಳು. ಹಿಡಿದು ನಿಂತೆ. ಅದಕ್ಕಿಂತ ಹೆಚ್ಚೇನೂ ನನಗೆ ಬರುವುದಿಲ್ಲ ಎಂಬುದು ವಾರಗಟ್ಟಲೆ ಚುಚ್ಚಿತು.

ರಜೆಗೆ ಬಂದಾಗ ಅಪ್ಪನಿಗಿಂತ ಅಂಕಲ್‌ಗೆ ಹೇಳಲು ಹೆಚ್ಚು ಹೆದರಿದೆ. ಅವರು ಕೊಟ್ಟ ವಿದ್ಯೆಯನ್ನು ಅವರ ಕಣ್ಣೆದುರೇ ಎಸೆದಂತಾಗುತ್ತದಲ್ಲ. ಒಂದು ಮಧ್ಯಾಹ್ನ ಅವರ ಕಾರನ್ನೇ ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿದ್ದರು. ಕಿರಾಣಿ ಅಂಗಡಿಯ ಪಾರ್ಕಿಂಗ್ ಲಾಟಿಗೆ ತಿರುಗುವಾಗ ಬಾಯಿಬಿಟ್ಟೆ.

“ಅಂಕಲ್, ಮತ್ತೆ ಸೈನ್ ಮಾಡ್ತಿದೀನಿ. ಆದ್ರೆ ಡ್ರೈವರ್ ಆಗಿ ಅಲ್ಲ, ಮೆಡಿಕ್ ಆಗಿ.”

ಅವರ ಕಾಲು ಬ್ರೇಕ್ ಒತ್ತಿತು. ಕಾರು ನಟ್ಟನಡುವೆ ನಿಂತಿತು, ಹಿಂದಿನವರು ಹಾರ್ನ್ ಹೊಡೆದರು.

“ಗಾಡಿ ಬ್ಯಾಸರಾತೇನು?”

“ಇಲ್ಲ ಅಂಕಲ್.” ಮಗುಚಿದ ಟ್ರಕ್ಕಿನ ವಿಷಯ ಹೇಳಿದೆ.

“ಮತ್ತ ಪರೀಕ್ಷಾ ಕೊಡಬೇಕೇನು?”

“ಹೌದು. ಕ್ಲಾಸಲ್ಲಿ ಎಲ್ಲ ಈಗಷ್ಟೇ ಹೈಸ್ಕೂಲ್ ಮುಗಿಸಿದವರು. ಫೇಲ್ ಆದ್ರೆ ಡ್ರೈವರ್ ಕೆಲಸಾನೂ ವಾಪಸ್ ಸಿಗುತ್ತೆ ಅಂತಿಲ್ಲ, ಅವರು ಎಲ್ಲಿ ಹಾಕ್ತಾರೋ ಅಲ್ಲಿ. ಭಯ ಆಗ್ತಿದೆ.”

“ಭಯ ಇರ್ಲಿ. ಭಯ ಇಲ್ಲದವ್ರ ಕೈಯಾಗ ನಾ ಸ್ಟೇರಿಂಗ್ ಕೊಟ್ಟಿಲ್ಲ.”

ಆಮೇಲೆ ಬಾಗಿಲು ತೆಗೆದು ಇಳಿದೇಬಿಟ್ಟರು. ಸಿಟ್ಟಾದರು ಅಂದುಕೊಂಡೆ. ಹಿಂದಿನ ಬಾಗಿಲು ತೆರೆದುಕೊಂಡಿತು.

“ನಡಿಯವಾ, ಮನೀಗೆ ಬಿಡು ನನ್ನ.”

ಕನ್ನಡಿಯಲ್ಲಿ ಅವರ ಮುಖ ನೋಡಿ ಅತ್ತುಬಿಟ್ಟೆ. “ಅಳಕೋತ ಓಡಸಬ್ಯಾಡ,” ಅಂದರು. ಮನೆ ಮುಟ್ಟುವ ತನಕ, ಬ್ರೇಕಿಲ್ಲದ ಆ ನೆಲವನ್ನು ಅವರ ಕಾಲು ಒತ್ತುವ ಸದ್ದು ಹಿಂದಿನಿಂದ ಕೇಳಿಸುತ್ತಲೇ ಇತ್ತು.

ನಾನು ಪಾಸಾದೆ. ಅಂಕಲ್ ಊರಿಗೆಲ್ಲ ನನ್ನನ್ನು ಮಿಲಿಟರಿ ಡಾಕ್ಟರ್ ಮಾಡಿಟ್ಟರು. ತಿದ್ದಲು ಹೋಗಲಿಲ್ಲ.

ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು. ನಾನು ದೂರದಲ್ಲಿ ಡ್ಯೂಟಿಯಲ್ಲಿದ್ದೆ, ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಎಷ್ಟೋ ಜನರ ನಾಡಿ ಹಿಡಿದವಳಿಗೆ ಅವರದೊಂದು ಸಿಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಈಗ ಹೊಸ ಮೆಡಿಕ್‌ಗಳಿಗೆ ನಾನೂ ಕಲಿಸುತ್ತೇನೆ. ಪಕ್ಕದಲ್ಲೇ ನಿಂತು, ತಪ್ಪಿದರೆ ಕೈ ಹಿಡಿಯುತ್ತೇನೆ. ಯಾರದಾದರೂ ಕೈ ಪಳಗಿತು ಅನ್ನಿಸಿದಾಗ ಏನೂ ಹೇಳದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅವರು ಸೂಜಿ ಎತ್ತುತ್ತಾರೆ. ಬೆಂಚಿನ ಕೆಳಗೆ ನನ್ನ ಬಲಗಾಲು ನೆಲವನ್ನು ಒತ್ತುತ್ತದೆ.