ಸಾಲಿನ ಕೆಳಗೊಂದು ಬೆರಳು

ಓದುವಾಗ ಸಾಲಿನ ಕೆಳಗೆ ಬೆರಳಿಡುವ ಅಭ್ಯಾಸ ಐವತ್ತು ದಾಟಿದ ಮೇಲೂ ನನ್ನನ್ನು ಬಿಟ್ಟಿಲ್ಲ. ಯಲಹಂಕದಲ್ಲಿ ಬಸ್ಸು ಹತ್ತಿ, ಪುಣ್ಯವಿದ್ದ ದಿನ ಕಿಟಕಿಯ ಪಕ್ಕದ ಸೀಟು ಸಿಕ್ಕಿ, ಪತ್ರಿಕೆ ಬಿಡಿಸಿದೆನೆಂದರೆ ನನ್ನ ತೋರುಬೆರಳು ಯಜಮಾನಿಯ ಅಪ್ಪಣೆಗೂ ಕಾಯದೆ ಅಕ್ಷರಗಳ ಬುಡ ಹಿಡಿದು ಹೊರಟುಬಿಡುತ್ತದೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ನಿಂತಲ್ಲೇ ನಿಂತಿರುತ್ತದೆ, ಬೆರಳು ಮಾತ್ರ ಸಾಗುತ್ತಿರುತ್ತದೆ. ಆ ಹೊತ್ತಿಗೆ ಉತ್ತರ ಬೆಂಗಳೂರಿನಲ್ಲಿ ಚಲನಶೀಲವಾದ ವಸ್ತು ಅದೊಂದೇ ಇರಬೇಕು. ಕಳೆದ ತಿಂಗಳು ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ಈಗಷ್ಟೇ ಅಕ್ಷರ ಕಲಿಯುತ್ತಿರುವ ಹೆಂಗಸೆಂದು ಭಾವಿಸಿ, ಕಷ್ಟದ ಪದವೇನಾದರೂ ಇದ್ದರೆ ಹೇಳಿಕೊಡುತ್ತೇನೆಂದು ತುಂಬ ಅಕ್ಕರೆಯಿಂದ ಮುಂದೆ ಬಂದಳು. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಓದಲು ಕಲಿಸಿ ಹೊಟ್ಟೆ ಹೊರೆಯುತ್ತಿರುವವಳು ನಾನೆಂದು ಹೇಳಲು ನಾಲಿಗೆ ಏಳಲಿಲ್ಲ. ಒಂದು ಪದ ಹೇಳಿಸಿಕೊಂಡೆ.

ಆದರೆ ಬೆರಳು ತೆಗೆಯಲಿಲ್ಲ, ತೆಗೆಯುವುದೂ ಇಲ್ಲ. ಈ ಹಟಕ್ಕೆ ಕಾರಣವುಂಟು, ಮತ್ತು ಆ ಕಾರಣದಲ್ಲಿ ನನ್ನ ಮಾನ ಸ್ವಲ್ಪ ಹರಾಜಾಗುವುದೂ ಉಂಟು. ಓದುಗ ಮಹಾಶಯರು ನಗುವುದಿದ್ದರೆ ಈಗಲೇ ನಕ್ಕು ಮುಗಿಸಬೇಕು.

ಗಂಗಾನಗರದ ಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಮೂರನೇ ತರಗತಿ ನನ್ನದು. ಬಹುಕಾಲ ನಾನು ಅಲ್ಲಿ ಸಾಮೂಹಿಕ ವಾಚನದ ಸಾಮ್ರಾಜ್ಞಿಯಾಗಿದ್ದೆ. ನಾನೊಂದು ಸಾಲು ಹೇಳಿದರೆ ಮೂವತ್ತು ಕಂಠಗಳು ಅದನ್ನೇ ಏಕಸ್ವರದಲ್ಲಿ ಮರಳಿಸುತ್ತಿದ್ದವು. ಆ ಘೋಷ ಎದುರು ರಸ್ತೆಯಲ್ಲಿ ಗಾಡಿಯಿಟ್ಟುಕೊಂಡು ಬಟ್ಟೆಗೆ ಇಸ್ತ್ರಿ ಹಾಕುವ ಮುನಿಯಪ್ಪನವರ ಕಿವಿಗೂ ಬೀಳುತ್ತಿತ್ತು. ಒಂದು ದಿನ ಅವರು ನನ್ನನ್ನು ನಿಲ್ಲಿಸಿ, ಆನೆಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, ತಮಗೆ ಒಂದಕ್ಷರವೂ ಬರುವುದಿಲ್ಲವೆಂದು ಹೆಮ್ಮೆಯಿಂದ ಸೇರಿಸಿದರು. ನನಗೆ ಬುದ್ಧಿ ಎಂಬುದು ಇದ್ದಿದ್ದರೆ ಅಂದೇ ಎಚ್ಚರವಾಗಬೇಕಿತ್ತು. ನಾನೋ, ನನ್ನ ಬೋಧನೆ ಬೀದಿಯವರೆಗೂ ಬೆಳಕು ಚೆಲ್ಲಿದೆಯೆಂದು ಬೀಗಿಕೊಂಡು ಮನೆಗೆ ಹೋದೆ.

ನನ್ನ ಕಣ್ಣು ತೆರೆಸಿದ್ದು ಬಿಸಿಯೂಟದ ಸಾಂಬಾರು. ತರಗತಿಯ ಅತ್ಯುತ್ತಮ ಓದುಗಾರ್ತಿ ಮುಸ್ಕಾನ್. ಅವಳ ಮನೆಮಾತು ದಖ್ಖನಿ ಉರ್ದು, ಅಪ್ಪ ಆರ್.ಟಿ. ನಗರದಲ್ಲಿ ಸ್ಕೂಟರ್ ಸೀಟುಗಳಿಗೆ ಕವರ್ ಹೊಲಿಯುವವರು. ಒಂದು ಮಧ್ಯಾಹ್ನ ಅವಳು ಎದ್ದು ನಿಂತು ಅದೇ ಆನೆಯ ಪಾಠ ಓದುತ್ತಿದ್ದಾಗ, ಸಾಂಬಾರು ಬಿದ್ದು ಅಂಟಿಕೊಂಡಿದ್ದ ಹಾಳೆಗಳು ಒಟ್ಟಿಗೇ ಮಗುಚಿಕೊಂಡವು. ಅವಳ ಓದಿಗೆ ಕಿಂಚಿತ್ತೂ ಭಂಗ ಬರಲಿಲ್ಲ. ಬಾಯಿ ಆನೆಯನ್ನು ಹೊಳೆಗಿಳಿಸಿ ಮೀಯಿಸುತ್ತಿತ್ತು. ಬೆರಳು ಮುಂದಿನ ಪಾಠದ ಅಂಚೆ ಕಚೇರಿಯಲ್ಲಿ ಸರದಿಗೆ ನಿಂತಿತ್ತು. ಮಿಕ್ಕವರನ್ನೂ ಒಬ್ಬೊಬ್ಬರಾಗಿ ಕರೆದು, ಕಂಡಕಂಡ ಸಾಲಿನ ಕೆಳಗೆ ಬೆರಳಿಡಿಸಿ ನೋಡಿದೆ. ನಿಜವಾಗಿ ಓದಬಲ್ಲವರನ್ನು ಎಣಿಸಲು ನನ್ನ ಒಂದು ಕೈಯ ಬೆರಳುಗಳೇ ಹೆಚ್ಚಾದವು. ಅಷ್ಟು ವರ್ಷ ನಾನು ಮೂರನೇ ತರಗತಿಯ ಕೊಠಡಿಯಲ್ಲಿ ಮುನಿಯಪ್ಪನವರನ್ನೇ ವರ್ಷಕ್ಕೆ ಮೂವತ್ತರಂತೆ ತಯಾರಿಸುತ್ತಿದ್ದೆ.

ಮರುದಿನವೇ ಸಾಮೂಹಿಕ ವಾಚನಕ್ಕೆ ತಿಲಾಂಜಲಿಯಿತ್ತು, ಹೊಸದೊಂದು ನಿಯಮ ಮಾಡಿದೆ. ತರಗತಿಯೊಳಗೆ ಯಾವ ಕಾಗದ ಬಂದರೂ ಸರದಿಯಲ್ಲಿರುವ ಮಗು ಅದನ್ನು ಬೆರಳಿಟ್ಟು ಓದಬೇಕು; ಓದಿದ್ದನ್ನು ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಬೇಕು; ಕೊನೆಗೆ ಅದರ ಬಗ್ಗೆ ಒಂದು ವಾಕ್ಯ ಬರೆಯಬೇಕು. ಮದುವೆಯ ಕರೆಯೋಲೆ, ನೀರು ಬರುವುದಿಲ್ಲವೆಂಬ ಸೂಚನೆ, ಬೋಂಡ ಕಟ್ಟಿಕೊಟ್ಟ ಪತ್ರಿಕೆಯ ಚೂರು, ಎಲ್ಲವೂ ನಮಗೆ ಪಠ್ಯವಾದವು. ಓದುವವರು ತಡವರಿಸಿದರು, ಕೇಳುವವರು ತಕರಾರೆತ್ತಿದರು, ಗದ್ದಲ ಮುಗಿಲು ಮುಟ್ಟಿತು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನೊಂದುಕೊಂಡರು: “ಮೊದ್ಲು ನಿಮ್ ಕ್ಲಾಸು ಭಜನೆ ಇದ್ದಂಗಿತ್ತು ಮೇಡಂ. ಈಗ ಯಶವಂತಪುರದ ಈರುಳ್ಳಿ ಮಂಡಿ ಆಗ್ಬಿಟ್ಟಿದೆ.” ಮಂಡಿಯಲ್ಲಿ ಪ್ರತಿಯೊಬ್ಬನಿಗೂ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರುತ್ತದೆ ಸಾರ್ ಎಂದೆ. ಅವರಿಗೆ ಆ ಉತ್ತರ ರುಚಿಸಲಿಲ್ಲ.

ಅಷ್ಟರಲ್ಲಿ ಮಕ್ಕಳ ಓದು ಪರೀಕ್ಷಿಸಲು ಅಧಿಕಾರಿಯೊಬ್ಬರು ಬರುವ ಸುದ್ದಿ ಬಂತು. ಅದೊಂದು ದಿನದ ಮಟ್ಟಿಗಾದರೂ ಹಳೆಯ ಭಜನೆ ನಡೆಯಲೆಂದು ಮುಖ್ಯೋಪಾಧ್ಯಾಯರು ಕೈಮುಗಿಯುವುದೊಂದು ಬಾಕಿ. ನಾನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬಂದ ಅಧಿಕಾರಿ ಮುಸ್ಕಾನಳನ್ನೇ ಎಬ್ಬಿಸಿ, ಇನ್ನೂ ಮಾಡದ ಪಾಠವೊಂದನ್ನು ತೆಗೆದುಕೊಟ್ಟರು. ಅವಳು ಅಕ್ಷರಕ್ಕೊಮ್ಮೆ ನಿಂತು, ಉಸಿರು ತೆಗೆದುಕೊಂಡು, ಹೊಸ ದಾರಿಯಲ್ಲಿ ನಡೆಯುವವಳಂತೆ ಹೊರಟಳು. ಅವರು ಗಡಿಯಾರ ನೋಡಿ, ಬೆರಳು ತೆಗೆದು ಸರಾಗವಾಗಿ ಓದಲು ಹೇಳಿದರು.

“ಬೆರಳು ಇರ್ಲಿ ಸರ್,” ಎಂದೆ.

ಸೇವಾವಧಿಯಲ್ಲಿ ಇಲಾಖೆಯ ಅಧಿಕಾರಿಯೊಬ್ಬರಿಗೆ ನಾನು ಎದುರಾಡಿದ್ದು ಅದೇ ಮೊದಲು. ಕಾಲು ನಡುಗಿದ್ದು ಸೀರೆಯ ನೆರಿಗೆಗಷ್ಟೇ ಗೊತ್ತು. ಮುಸ್ಕಾನ್ ಕಡೆಯ ಸಾಲಿನವರೆಗೂ ಓದಿದಳು. ಅಧಿಕಾರಿ ಅವಳ ಹೆಸರಿನ ಮುಂದೆ ‘ಸಾಧಾರಣ’ ಎಂದು ಬರೆದು ಎದ್ದರು.

ಆ ಒಂದು ಪದ ನನಗಿಂತ ಮೊದಲು ಅವಳ ಮನೆ ತಲುಪಿತು. ಅವಳ ತಾಯಿ ಶಹನಾಜ್ ಹಿಂದೊಮ್ಮೆ ಬಂದು, ಪೂರ್ತಿ ಪುಸ್ತಕ ಗಡಗಡ ಓದುತ್ತಿದ್ದವಳು ಈಗ ಒಂದು ಸಾಲಿಗೇ ನಿಂತುಹೋಗುತ್ತಾಳೆ, ಏನು ಮಾಡಿದಿರಿ ನನ್ನ ಮಗಳಿಗೆ ಎಂದು ಕೇಳಿದ್ದರು. ನಾನು ಕೊಟ್ಟ ವಿವರಣೆ ನನಗೇ ಸಬೂಬಿನಂತೆ ಕೇಳಿಸಿತ್ತು. ಈ ಬಾರಿ ಪಾಠದ ನಡುವೆಯೇ ತರಗತಿಯೊಳಗೆ ಬಂದ ಅವರ ಕೈಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿದ ಪತ್ರವಿತ್ತು. ಟಿ.ಸಿ. ಕೊಡಿ, ಮುಂದಿನ ಬೀದಿಯ ಶಾಲೆಗೆ ಸೇರಿಸುತ್ತೇವೆ, ಅಲ್ಲಿ ಮತ್ತೆ ಒಂದನೇ ಕ್ಲಾಸಿನಿಂದ ಕೂರಿಸುತ್ತಾರಂತೆ ಎಂದರು. ಎರಡು ವರ್ಷ ಹಿಂದಕ್ಕೆ, ಮತ್ತೊಂದು ಭಜನೆಯ ನಡುವಿಗೆ ಆ ಹುಡುಗಿ ಹೊರಟು ನಿಂತಿದ್ದಳು.

ಪತ್ರಕ್ಕೆ ಕೈಚಾಚಿದೆನಷ್ಟೆ, ತರಗತಿಯ ಮಕ್ಕಳು ಬಿಡಲಿಲ್ಲ. ಒಳಗೆ ಕಾಗದ ಬಂದಿತ್ತು, ನಿಯಮವೆಂದರೆ ನಿಯಮ. “ಇವತ್ತು ಮುಸ್ಕಾನ್ ಸರದಿ ಮಿಸ್,” ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಬೇಡವೆನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಅವಳು ಅಮ್ಮನ ಕೈಯಿಂದ ಪತ್ರ ತೆಗೆದುಕೊಂಡು ಬೆರಳಿಟ್ಟಾಗಿತ್ತು.

“ಮಾನ್ಯರೇ, ನನ್ನ ಮಗಳಾದ... ಮುಸ್ಕಾನ್‌ಗೆ... ಕನ್ನಡ ಓದಲು... ಬಾರದ... ಕಾರಣ...”

ಬೆರಳು ನಿಂತಿತು. ಹಿಂದಕ್ಕೆ ಬಂದು, ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯಿತು. ನಿಯಮದಂತೆ ಅವಳು ಮೊದಲು ಮನೆಯ ಮಾತಿನಲ್ಲಿ ಅಮ್ಮನಿಗೆ ಹೇಳಿದಳು, ಆಮೇಲೆ ನಮಗೆಲ್ಲ ಕೇಳುವಂತೆ ಕನ್ನಡದಲ್ಲಿ ಹೇಳಿದಳು: “ನಂಗೆ ಓದಕ್ಕೆ ಬರಲ್ಲ ಅಂತ ಬರ್ದಿದ್ದಾರೆ.”

ಶಹನಾಜ್ ಪತ್ರವನ್ನು ನೋಡಿದರು, ಮಗಳನ್ನು ನೋಡಿದರು. ಕನ್ನಡದ ಅಕ್ಷರ ಅವರಿಗೆ ಬಾರದು. ತಮ್ಮ ಹೆಸರಿನಲ್ಲಿರುವ ಆ ಪತ್ರದಲ್ಲಿ ಏನಿದೆಯೆಂದು ಅವರು ಕೇಳಿಸಿಕೊಂಡದ್ದು ಅದೇ ಮೊದಲು. ಅಂಗಡಿಯವನು ಬರೆದುಕೊಟ್ಟಿದ್ದ, ಇವರು ತಂದಿದ್ದರು. ಯಾವ ಪದ ಯಾವುದೆಂದು ಕೇಳಿದರು. ಮುಸ್ಕಾನ್ ಅಮ್ಮನ ತೋರುಬೆರಳು ಹಿಡಿದು ತನ್ನ ಹೆಸರಿನ ಕೆಳಗೆ ಇಟ್ಟಳು. ಅವರು ಬಹಳ ಹೊತ್ತು ಆ ಬೆರಳನ್ನು ಅಲ್ಲಿಂದ ಎತ್ತಲಿಲ್ಲ.

“ಇದು ನನ್ ಹತ್ರಾನೇ ಇರ್ಲಿ ಮಿಸ್,” ಎಂದರು ಕೊನೆಗೆ. “ಸಾಯಂಕಾಲ ಇವ್ಳಪ್ಪನ ಮುಂದೆ ಇವ್ಳೇ ಓದ್ಲಿ.”

ಅವರು ಹೋದ ಮೇಲೆ ನಿಯಮದ ಮೂರನೆಯ ಭಾಗ ಉಳಿದಿತ್ತು. ಮುಸ್ಕಾನ್ ಪೆನ್ಸಿಲ್ ಚೂಪು ಮಾಡಿಕೊಂಡು ಒಂದು ವಾಕ್ಯ ಬರೆದಳು: ‘ಈ ಕಾಗದ ಸುಳ್ಳು ಹೇಳುತ್ತದೆ.’ ಆ ಪತ್ರ ಮತ್ತೆ ಶಾಲೆಗೆ ಬರಲಿಲ್ಲ. ‘ಸಾಧಾರಣ’ ಎಂದು ಬರೆದ ಪುಣ್ಯಾತ್ಮರು ಮತ್ತೆ ಬರುತ್ತಾರಂತೆ, ಬರಲಿ. ಅವರಿಗೆ ತೋರಿಸಲೆಂದು ಆ ನೋಟುಬುಕ್ಕನ್ನು ಬೀರುವಿನಲ್ಲಿಟ್ಟಿದ್ದೇನೆ.

ಇಂದು ಬೆಳಿಗ್ಗೆ ಬಸ್ಸಿನಲ್ಲಿ ಅದೇ ಕಾಲೇಜು ಹುಡುಗಿ ಸಿಕ್ಕಿ, ನನ್ನ ಪ್ರಗತಿಯನ್ನು ಕಂಡು ಸಂತೋಷಪಟ್ಟಳು. ಇಷ್ಟು ಬರುತ್ತದಲ್ಲ ಆಂಟಿ, ಇನ್ನು ಬೆರಳಿಲ್ಲದೆ ಓದಿ ನೋಡಿ ಎಂದು ಹುರಿದುಂಬಿಸಿದಳು. ಹೆಬ್ಬಾಳದಲ್ಲಿ ಬಸ್ಸು ಎಂದಿನಂತೆ ನಿಂತಿತ್ತು.

“ಬೆರಳು ಇರ್ಲಿ ಬಿಡಮ್ಮ,” ಎಂದು ಮುಂದಿನ ಸಾಲಿಗೆ ಹೋದೆ. ಈ ಸಲ ಕಾಲು ನಡುಗಲಿಲ್ಲ.